ಅತಿಥಿ ತೊಳೆದಿಟ್ಟ ಡಬ್ಬಿ

ಇಡೀ ಜಗತ್ತು ಬಾಗಿಲು ಹಾಕಿಕೊಂಡು ಕೂತಿದ್ದ ಎರಡು ಸಾವಿರದ ಇಪ್ಪತ್ತನೇ ಇಸವಿಯಲ್ಲಿ ಯೇಸುಸ್ವಾಮಿ ಒಂದಲ್ಲ ಎರಡಲ್ಲ, ಸಾಲಾಗಿ ಏಳು ಭಾನುವಾರ ಮಲೇಷ್ಯಾದ ಪೆಟಾಲಿಂಗ್ ಜಯಾಕ್ಕೆ ಬಂದು, ಲಿಫ್ಟಿನಲ್ಲಿ ಹದಿನಾಲ್ಕನೇ ಮಹಡಿಗೆ ಏರಿ, ಪ್ರಭುದಾಸ ಸಾಲಿನ್ಸರ ಮನೆಯ ಬಂಗುಡೆ ಮೀನಿನ ಪುಳಿಮುಂಚಿ ಸಾರು ಉಂಡು, ಮುಳ್ಳನ್ನೂ ಬಿಡದೆ ಚೀಪಿ, ಡಬ್ಬಿ ತೊಳೆದಿಟ್ಟು ಹೋದರು. ದಾರಿಯಲ್ಲಿ ಪೊಲೀಸರು ತಡೆಯಲಿಲ್ಲ. ಗೇಟಿನ ಕಾವಲುಗಾರ ಹಣೆಗೆ ಜ್ವರ ನೋಡುವ ಯಂತ್ರ ಹಿಡಿಯಲಿಲ್ಲ. ರೋಮಿನಲ್ಲಿ ಕಾಯುತ್ತಿದ್ದವರನ್ನು ಕಾಯಲು ಬಿಟ್ಟು ಸ್ವಾಮಿ ನೇರ ಇಲ್ಲಿಗೇ ಬಂದರು. ನಂಬದವರು ಆ ಡಬ್ಬಿಯನ್ನು ಈಗಲೂ ಬಂದು ನೋಡಬಹುದು. ನೀಲಿ ಮುಚ್ಚಳದ್ದು. ಒಂದು ಮೂಲೆ ಸೀಳಿದೆ.

ಬಂಗುಡೆಯೇ ಯಾಕೆ, ಸಾಲಿನ್ಸರ ಮನೆಯೇ ಯಾಕೆ ಎಂದು ಕೇಳುವವರಿಗೆ ಮೊದಲು ಪ್ರಭುದಾಸರ ಮೂಗಿನ ಪರಿಚಯವಾಗಬೇಕು. ಉಡುಪಿ ಕಡೆಯ ಈ ಮಹಾನುಭಾವರಿಗೆ ಪೆಟಾಲಿಂಗ್ ಜಯಾದ ಒಂದು ಸಾಬೂನು ಕಾರ್ಖಾನೆಯಲ್ಲಿ ವಾಸನೆ ಪರೀಕ್ಷಿಸುವ ಕೆಲಸ. ಅವರು ಮೂಸಿ ತಲೆಯಾಡಿಸದೆ ಆ ಕಾರ್ಖಾನೆಯಿಂದ ಒಂದು ಸಾಬೂನೂ ಹೊರಗೆ ಹೋಗುವಂತಿರಲಿಲ್ಲ. ಇಪ್ಪತ್ತು ಮೈಲಿ ದೂರದಲ್ಲಿ ಯಾರೋ ಸಿಗಡಿ ಹುದುಗಿಸಿ ಮಾಡಿದ ಬೆಲಚಾನ್ ಹುರಿದರೆ ಇಲ್ಲಿ ಇವರ ಕಣ್ಣಲ್ಲಿ ನೀರು. ಎದುರು ಮನೆಯ ಮೈಸೂರಿನ ವೇದಾ ಒಗ್ಗರಣೆಗೆ ಇಂಗು ಹಾಕಿದರೆ ಎಷ್ಟು ಚಿಟಿಕೆ ಎಂದು ಇಲ್ಲಿಂದಲೇ ಹೇಳುತ್ತಿದ್ದರು. ಇಂಥ ಮೂಗಿಗೆ ಹೇಸಿಗೆಯೂ ಅಷ್ಟೇ ದೊಡ್ಡದು. ಕೊರೋನಾ ಬಂದ ಮೇಲಂತೂ ಕೈ ತೊಳೆದು ತೊಳೆದು ಅಂಗೈಯ ಗೆರೆಗಳೆಲ್ಲ ಅಳಿಸಿಹೋಗಿ, ಅವರ ಭವಿಷ್ಯ ಹೇಳುವುದು ಇನ್ನು ಯಾರಿಂದಲೂ ಆಗದು ಎಂಬಂತಾಯಿತು.

ಸಾಲಿನ್ಸರ ಮನೆತನದಲ್ಲಿ ಒಂದು ಪದ್ಧತಿ. ಭಾನುವಾರದ ಊಟಕ್ಕೆ ಒಂದು ಕುರ್ಚಿ ಖಾಲಿ ಬಿಡಬೇಕು. ಮೊದಲ ಬಟ್ಟಲನ್ನು ಅದರ ಮುಂದೆ ಬಡಿಸಬೇಕು. ಅದು ಅತಿಥಿಯ ಬಟ್ಟಲು. ಅತಿಥಿ ಅಂದರೆ ಯೇಸುಸ್ವಾಮಿ. ಉಡುಪಿಯಲ್ಲಿ ಪ್ರಭುದಾಸರ ಅಜ್ಜಿ ಆ ಹೊತ್ತಿಗೆ ಎದುರು ಬಾಗಿಲು ತೆರೆದಿಡುತ್ತಿದ್ದಳು. ಅಂಗಳಕ್ಕೆ ಮೊದಲು ಯಾರು ಕಾಲಿಟ್ಟರೂ, ಮೀನು ಮಾರುವವಳಾಗಲಿ, ಬಳೆಗಾರನಾಗಲಿ, ಕುಡಿದು ದಾರಿ ತಪ್ಪಿದವನಾಗಲಿ, ಕರೆದು ಆ ಕುರ್ಚಿಯಲ್ಲೇ ಕೂರಿಸಿ ಆ ಬಟ್ಟಲನ್ನೇ ಕೊಡುತ್ತಿದ್ದಳು. ಪ್ರಭುದಾಸರು ಮಲೇಷ್ಯಾಕ್ಕೆ ಬರುವಾಗ ಕುರ್ಚಿಯ ಪದ್ಧತಿ ತಂದರು, ಬಟ್ಟಲಿನ ಪದ್ಧತಿ ತಂದರು, ತೆರೆದ ಬಾಗಿಲನ್ನು ಅಲ್ಲೇ ಬಿಟ್ಟರು. ಅತಿಥಿಯ ಪಾಲನ್ನು ಮನೆಯವರು ತಿನ್ನುವಂತಿಲ್ಲ, ಬಚ್ಚಲಿಗೆ ಸುರಿಯುವಂತಿಲ್ಲ. ಹಾಗಾಗಿ ಹೆಂಡತಿ ಜಯಮಾಲಾ ಅದನ್ನು ಡಬ್ಬಿಗೆ ಹಾಕಿ ಕೆಳಗೆ ಕಾವಲುಗಾರನಿಗೆ ಕೊಟ್ಟು ಬರುತ್ತಿದ್ದರು. ಲಾಕ್‌ಡೌನ್ ಆದ ಮೇಲೆ ಅವನೂ ಯಾರ ಕೈಯಿಂದಲೂ ಏನೂ ಮುಟ್ಟಲೊಲ್ಲ. ಉಳಿದದ್ದು ಮಹಡಿಯ ಕೊನೆಯ ಕಸದ ಕೋಣೆ.

ಆ ಕಸದ ಕೋಣೆಯನ್ನು ವರ್ಣಿಸಲು ಹೊರಟರೆ ಓದುವವರು ಒಂದು ವಾರ ಊಟ ಬಿಡಬೇಕಾಗುತ್ತದೆ. ಕಸ ಎತ್ತುವವನು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ. ಕೊಳೆತ ಡುರಿಯನ್ ಹಣ್ಣಿನ ಸಿಪ್ಪೆ, ಏಡಿಯ ಚಿಪ್ಪು, ಮಗುವಿನ ಡಯಾಪರು, ಹಳಸಿದ ಅನ್ನ, ಉಗುಳಿಗೆ ಒದ್ದೆಯಾದ ಮಾಸ್ಕು, ಎಲ್ಲವೂ ಸೇರಿ ಕಪ್ಪು ಚೀಲಗಳೊಳಗೆ ಬೆವರುತ್ತಿದ್ದವು. ನೆಲದ ಮೇಲೆ ಒಂದು ಅಂಟು ನೀರು, ಅದರಲ್ಲಿ ಬಿಳಿ ಹುಳಗಳ ಮೆರವಣಿಗೆ. ಪ್ರಭುದಾಸರು ಎರಡು ಮಾಸ್ಕು, ಮುಖಕ್ಕೆ ಪ್ಲಾಸ್ಟಿಕ್ ಪರದೆ, ಮೊಣಕೈವರೆಗೆ ರಬ್ಬರ್ ಕೈಗವಸು ಹಾಕಿಕೊಂಡು ಚಂದ್ರನ ಮೇಲೆ ಇಳಿಯುವವರ ಹಾಗೆ ಹೋಗಿ, ಬಾಗಿಲ ಪಕ್ಕದ ಕಟ್ಟೆಯ ಮೇಲೆ, ಬೇಕಾದವರು ಎತ್ತಿಕೊಳ್ಳಲಿ ಎಂದು, ಡಬ್ಬಿ ಇಟ್ಟು ಓಡಿ ಬರುತ್ತಿದ್ದರು.

ಒಂದು ಸೋಮವಾರ ಕಸ ಹಾಕಲು ಹೋದಾಗ ಡಬ್ಬಿ ಅದೇ ಕಟ್ಟೆಯ ಮೇಲೆ, ತೊಳೆದು, ಒರೆಸಿ, ಬೋರಲು ಹಾಕಿತ್ತು.

ಪ್ರಭುದಾಸರಿಗೆ ಮೊದಲು ಆದದ್ದು ಹೇಸಿಗೆ. ಯಾರೋ ಈ ನರಕದಲ್ಲಿ ನಿಂತು ಉಂಡಿದ್ದಾರೆ! ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ತಂದು ನಾಲ್ಕು ಸಲ ಕುದಿನೀರಿನಲ್ಲಿ ಅದ್ದಿದರು. ಐದನೇ ಸಲ ಅದ್ದುವಾಗ ಹೊಳೆಯಿತು: ಈ ಭಾನುವಾರಕ್ಕೆ ಒಳ್ಳೆಯ ಸಾಕ್ಷಿ ಆಯಿತಲ್ಲ.

ಮಲೇಷ್ಯಾದ ಕನ್ನಡ ಕ್ರೈಸ್ತರದ್ದು ಒಂದು ಸಣ್ಣ ಪ್ರಾರ್ಥನಾ ಕೂಟ. ಲಾಕ್‌ಡೌನಿನಲ್ಲಿ ಅದು ಜೂಮಿಗೆ ಬಂದಿತ್ತು. ಕೊನೆಯಲ್ಲಿ ಯಾರಾದರೊಬ್ಬರು ಆ ವಾರ ದೇವರು ತಮಗೆ ಮಾಡಿದ ಉಪಕಾರದ ಸಾಕ್ಷಿ ಹೇಳುವುದು ವಾಡಿಕೆ. ಉಳಿದವರು ಜ್ವರ ಬಿಟ್ಟದ್ದು, ವೀಸಾ ಸಿಕ್ಕಿದ್ದು ಹೇಳುತ್ತಿದ್ದರು. ಪ್ರಭುದಾಸರ ಸಾಕ್ಷಿ ಅಂದರೆ ಕಡಲು ಸೀಳಬೇಕು.

“ಬಾಗಿಲ ಹೊರಗೆ ಅತಿಥಿಯ ಊಟ ಇಟ್ಟಿದ್ದೆ,” ಅಂದರು ಪರದೆಯ ಮೇಲಿನ ಮೂವತ್ತು ಚೌಕಗಳಿಗೆ. “ಇಡೀ ಮಹಡಿಯಲ್ಲಿ ನರಪಿಳ್ಳೆ ಇಲ್ಲ. ತೆಗೆದು ನೋಡ್ತೇನೆ, ಡಬ್ಬಿ ಖಾಲಿ. ಖಾಲಿ ಮಾತ್ರ ಅಲ್ಲ, ತೊಳೆದಿಟ್ಟಿದೆ. ಒಂದು ಪರಿಮಳ ಬರ್ತಿತ್ತು, ನನ್ನ ಈ ಮೂಗು ಭೂಲೋಕದಲ್ಲಿ ಅಂಥದ್ದು ಮೂಸಿದ್ದೇ ಇಲ್ಲ.”

ಕೂಟದ ಹಿರಿಯ ಬೆಂಜಮಿನ್ ಕರ್ಕಡರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮೂವತ್ತು ಚೌಕಗಳಲ್ಲಿ ಮೂವತ್ತು ಜೋಡಿ ಕೈ ಮೇಲೆದ್ದವು. ಹಿಂದೆ ಮೀನು ಕೊಯ್ಯುತ್ತಿದ್ದ ಜಯಮಾಲಾ ಮಾತ್ರ, “ಸ್ವಾಮಿಗೆ ಪಾತ್ರೆ ತೊಳೆಯುವ ಕೆಲಸ ಎಂತಕ್ಕೆ? ಅದು ಉಂಡವರ ಮರ್ಯಾದೆ. ಯಾರೋ ಹಸಿದವರು ಇರ್ಬೇಕು. ಹೋಗಿ ನೋಡಿ ಬನ್ನಿ,” ಅಂದರು.

“ನೀನು ಸುಮ್ಮನಿರು ಮಾರಾಯ್ತಿ. ನಿನಗೆ ನಂಬಿಕೆ ಕಡಿಮೆ.”

ಆದರೂ ಮುಂದಿನ ಭಾನುವಾರ ನೋಡಲು ಹೋದರು. ಡಬ್ಬಿ ಇಟ್ಟು, ಮೆಟ್ಟಿಲ ಬಾಗಿಲ ಸಂದಿಯಲ್ಲಿ ಅಡಗಿ ನಿಂತರು. ಮೊದಲು ಬಂದದ್ದು ವಾಸನೆ: ಒಂದು ತಿಂಗಳ ಬೆವರು, ಒದ್ದೆ ಬಟ್ಟೆ, ಕರಿದ ಎಣ್ಣೆ, ನೋವಿನ ಮುಲಾಮು. ಹಿಂದೆಯೇ ಒಬ್ಬ ಮನುಷ್ಯ ಬಂದ. ಐವತ್ತು ದಾಟಿದವನು. ಗಡ್ಡ ಬೆಳೆದಿದೆ. ಅಂಗಿಯ ಕಂಕುಳಲ್ಲಿ ಉಪ್ಪಿನ ಬಿಳಿ ವರ್ತುಲ. ಬರಿಗಾಲಿನ ಬೆರಳುಗಳ ನಡುವೆ ಚರ್ಮ ನೆನೆದು ಬೆಳ್ಳಗೆ ಬಿರಿದಿತ್ತು. ಪ್ರಭುದಾಸರು ಎರಡು ಮಾಸ್ಕಿನ ಮೇಲೆ ಅಂಗೈಯನ್ನೂ ಒತ್ತಿಹಿಡಿದರು.

“ಯಾರದು? ಇಲ್ಲಿ ಎಂತ ಕೆಲಸ ನಿನಗೆ?” ಎಂದರು ಕನ್ನಡದಲ್ಲೇ, ಹೆದರಿದಾಗ ಅವರ ಬಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಆ ಮನುಷ್ಯನ ಮುಖ ಅರಳಿತು. “ಕನ್ನಡವಾ ಧನೀ? ನಾನು ಐತಪ್ಪ. ಬಾಂಗ್ಸಾರಿನ ಒಂದು ಮೆಸ್ಸಿನಲ್ಲಿ ಅಡುಗೆಗೆ ಇದ್ದೆ. ಮೆಸ್ಸು ಬಂದ್ ಆಯ್ತು. ರೂಮಿನಲ್ಲಿ ಒಬ್ಬನಿಗೆ ಸೀಕು ಬಂತು, ಓನರು ಎಲ್ಲರನ್ನೂ ಹೊರಗೆ ಹಾಕಿದ. ಇಲ್ಲಿ ಕಸ ತೆಗೆಯುವವ ಪರಿಚಯದವ, ಮೆಟ್ಟಿಲ ಬದಿ ಮಲಗ್ಲಿಕ್ಕೆ ಬಿಟ್ಟಿದ್ದಾನೆ. ಬಂಗುಡೆ ತಿಂದಾಗ್ಲೇ ಅಂದ್ಕೊಂಡೆ, ಇದು ನಮ್ಮ ಕಡೆಯ ಕೈ ಅಂತ. ಹುಳಿ ಸ್ವಲ್ಪ ಜಾಸ್ತಿ, ಆದ್ರೆ ಲಾಯ್ಕ ಉಂಟು.”

ಪ್ರಭುದಾಸರು ಮೂರು ಹೆಜ್ಜೆ ಹಿಂದೆ ಸರಿದರು. ಐತಪ್ಪನೂ ಅವರ ಮೇಲಿನ ಗೌರವಕ್ಕೆ ಮೂರು ಹೆಜ್ಜೆ ಹಿಂದೆ ಸರಿದ.

“ನನಗೆ ಸೀಕಿಲ್ಲ ಧನೀ. ಟೆಸ್ಟ್ ಮಾಡಿದ್ದಾರೆ, ಕಾಗದ ಉಂಟು. ಊರಿಗೆ ಹೋಗುವ ವಿಮಾನಕ್ಕೆ ಹೆಸರು ಕೊಟ್ಟಿದ್ದೇನೆ. ಎಂಬೆಸಿಯವರು ಫೋನ್ ಮಾಡ್ತಾರಂತೆ. ಎತ್ತಿದವನಿಗೆ ಸೀಟು, ಎತ್ತದಿದ್ರೆ ಹಿಂದಿನವನಿಗೆ. ಈ ತಿಂಗಳ ಕೊನೆಗೆ ನನ್ನ ಪರ್ಮಿಟ್ ಮುಗೀತದೆ. ಆಮೇಲೆ ಹಿಡಿದ್ರೆ ಒಳಗೆ ಹಾಕ್ತಾರೆ. ಅಲ್ಲಿವರೆಗೆ ಒಂದು ಸ್ನಾನ, ಮಲಗ್ಲಿಕ್ಕೆ ಒಂದು ಮೂಲೆ. ಅಡುಗೆ ನಾನೇ ಮಾಡಿ ಹಾಕ್ತೇನೆ.”

ಪ್ರಭುದಾಸರ ಮನೆಯಲ್ಲಿ ಮೂರು ಕೋಣೆ, ಎರಡು ಬಚ್ಚಲು, ಇರುವವರು ಇಬ್ಬರು. ಅವರ ಕಣ್ಣ ಮುಂದೆ ಸುಳಿದದ್ದು ಆ ಬಿಳಿ ಬಿರಿದ ಕಾಲು ತಮ್ಮ ಬಚ್ಚಲಿನ ನೀಲಿ ಹೆಂಚಿನ ಮೇಲೆ ನಿಲ್ಲುವ ಚಿತ್ರ.

“ಹೊರಗಿನವರನ್ನು ಸೇರಿಸಬಾರದು ಅಂತ ಕಾನೂನು ಉಂಟಲ್ಲ ಮಾರಾಯ. ನಿನಗೋಸ್ಕರ ಪ್ರಾರ್ಥನೆ ಮಾಡ್ತೇನೆ. ಉಪವಾಸ ಇದ್ದು ಮಾಡ್ತೇನೆ, ಬೇಕಾದ್ರೆ.”

“ಆಯ್ತು ಧನೀ.” ಐತಪ್ಪ ಡಬ್ಬಿಯ ಕಡೆ ನೋಡಿದ. “ಉಪವಾಸ ಬೇಡ. ಫೋನಿಗೆ ಸ್ವಲ್ಪ ಕರೆಂಟು ಹಾಕಿ ಕೊಡ್ತೀರಾ? ಇಲ್ಲಿ ಪ್ಲಗ್ಗಿಲ್ಲ. ಕಸದವ ಚಾರ್ಜ್ ಮಾಡಿ ತರ್ತಿದ್ದ, ಅವನಿಗೂ ಈ ವಾರ ಡ್ಯೂಟಿ ಬೇರೆ ಕಡೆ. ಕರೆ ಬಂದ್ರೆ ನನ್ನನ್ನು ಒಂದು ಕೂಗಿದ್ರೆ ಸಾಕು.”

ಅದು ಗುಂಡಿ ಒತ್ತುವ ಹಳೆಯ ಫೋನು. ಗುಂಡಿಗಳ ಸಂದಿಯಲ್ಲಿ ಒಣಗಿದ ದೋಸೆ ಹಿಟ್ಟು, ಮೇಲೆಲ್ಲ ಎಣ್ಣೆಯ ಪದರ. ಪ್ರಭುದಾಸರು ಪ್ಲಾಸ್ಟಿಕ್ ಚೀಲ ಅಗಲಿಸಿ ಹಿಡಿದರು. ಐತಪ್ಪ ದೂರದಿಂದಲೇ ಫೋನನ್ನೂ ಚಾರ್ಜರನ್ನೂ ಅದರೊಳಗೆ ಬಿಟ್ಟ. ಅದನ್ನು ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಪ್ಲಗ್ಗಿಗೆ, ಚೀಲದ ಸಮೇತ ಸಿಕ್ಕಿಸಿದರು. ಮೇಲಿಂದ ಅರ್ಧ ಬಾಟಲಿ ಸ್ಯಾನಿಟೈಸರ್ ಹೊಡೆದರು. ಜಯಮಾಲಾ ಕೇಳಿದ್ದಕ್ಕೆ, ಯಾರೋ ಬಡವರ ಫೋನು ರಿಪೇರಿ ಮಾಡುವ ಸೇವೆ ಶುರು ಮಾಡಿದ್ದೇನೆ ಅಂದರು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅದು ಬಡಿಯಿತು.

ಪ್ರಭುದಾಸರು ಬಾಲ್ಕನಿಗೆ ಓಡಿದರು. ಕೈಗವಸು ಹಾಕಿದರು, ಮಾಸ್ಕು ಹಾಕಿದರು. ಚೀಲದೊಳಗೆ ಫೋನು ಜೀವ ಬಂದ ಜಿರಳೆಯ ಹಾಗೆ ನಡುಗುತ್ತಿತ್ತು. ಅದನ್ನು ತೆಗೆಯಬೇಕು. ಕಿವಿಗೆ ಒತ್ತಬೇಕು. ಐತಪ್ಪ ಎಷ್ಟು ವರ್ಷ ಬಾಯಿ ಹತ್ತಿರ ಹಿಡಿದಿದ್ದನೋ ಆ ತೂತುಗಳಿಗೆ ತಮ್ಮ ಬಾಯಿ ತರಬೇಕು. ಕೂಗಿ ಕರೆಯೋಣವೆಂದರೆ ಮೆಟ್ಟಿಲು ಇರುವುದು ಮಹಡಿಯ ಆ ತುದಿಯಲ್ಲಿ. ಅವರ ಕೈ ಚೀಲದವರೆಗೆ ಹೋಯಿತು, ಒಳಗಿನ ಅಂಟು ಬೆರಳಿಗೆ ತಾಗಿತು, ಅಲ್ಲೇ ನಿಂತಿತು. ಫೋನು ಸುಮ್ಮನಾಯಿತು. ಐದು ನಿಮಿಷಕ್ಕೆ ಮತ್ತೆ ಬಡಿಯಿತು. ಪ್ರಭುದಾಸರು ಕಣ್ಣು ಮುಚ್ಚಿ ದೀರ್ಘವಾಗಿ, ಭಕ್ತಿಯಿಂದ, ಅದು ನಿಲ್ಲಲಿ ಎಂದು ಪ್ರಾರ್ಥಿಸಿದರು. ಪ್ರಾರ್ಥನೆ ಫಲಿಸಿತು.

ಮರುದಿನ ಚೀಲವನ್ನು ಕಟ್ಟೆಯ ಮೇಲಿಟ್ಟು ಬಂದರು. “ಕರೆ ಬರಲಿಲ್ವಾ ಧನೀ?” ಎಂದು ಮೆಟ್ಟಿಲ ಬಾಗಿಲ ಹಿಂದಿನಿಂದ ದನಿ ಬಂತು. “ದೇವರ ಸಮಯಕ್ಕೆ ಕಾಯಬೇಕು,” ಎಂದರು ಪ್ರಭುದಾಸರು, ಹಿಂತಿರುಗಿ ನೋಡದೆ.

ಆ ವಾರವಿಡೀ ಅವರಿಗೆ ಎಲ್ಲದರಲ್ಲೂ ಎಣ್ಣೆಯ ವಾಸನೆ. ಕಾಫಿಯಲ್ಲಿ, ದಿಂಬಿನಲ್ಲಿ, ಸಾಬೂನಿನಲ್ಲಿ ಕೂಡ. ಕೈ ತೊಳೆದರೆ ಕೈಯಿಂದಲೇ ಬರುತ್ತಿತ್ತು.

ಅತ್ತ ಸಾಕ್ಷಿ ಮಾತ್ರ ಗಾಳಿಪಟದ ಹಾಗೆ ಏರುತ್ತಿತ್ತು. ಅದರಲ್ಲಿ ಸ್ವಾಮಿ ಬಂದ ಭಾನುವಾರಗಳು ಆಗಲೇ ಏಳಾಗಿದ್ದವು. ನಿಲಾಯ್‌ನಲ್ಲಿ ಓದುತ್ತಿದ್ದ ಕನ್ನಡದ ಹುಡುಗಿಯರೆಲ್ಲ ಕೂಟಕ್ಕೆ ಸೇರಿಕೊಂಡರು. ಸಿಂಗಾಪುರದಿಂದ ಎರಡು ಕುಟುಂಬ ಬಂತು. ಮೂವತ್ತು ಚೌಕ ನೂರಾಯಿತು. ಪ್ರಭುದಾಸರ ಲೆಕ್ಕದಲ್ಲಿ ಮೂರು ಸಾವಿರ. ಬೆಂಜಮಿನ್ ಕರ್ಕಡರು ಫೋನ್ ಮಾಡಿ, “ಪ್ರಭು, ಈ ಭಾನುವಾರ ಪ್ರಾರ್ಥನೆ ಮುಗಿದ ಕೂಡ್ಲೇ ಖಾಲಿ ಡಬ್ಬಿ ಕ್ಯಾಮರಾ ಮುಂದೆ ಹಿಡಿ. ಸೀಕಾದವರು, ಕೆಲಸ ಹೋದವರು, ಎಲ್ಲರೂ ನೋಡ್ತಿರ್ತಾರೆ. ಧೈರ್ಯ ಬರ್ತದೆ,” ಅಂದರು.

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೇ ಡಬ್ಬಿ ಕಟ್ಟೆಯ ಮೇಲೆ ಹೋಯಿತು. ಪ್ರಾರ್ಥನೆ ನಡೆಯಿತು. ಕೊನೆಯ ಹಾಡು ಶುರುವಾದಾಗ ಪ್ರಭುದಾಸರು, “ಡಬ್ಬಿ ತರ್ತೇನೆ,” ಎಂದು ಎದ್ದು, ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಹಾಗೇ ಬಿಟ್ಟು, ಮುಂಬಾಗಿಲು ಅರ್ಧ ತೆರೆದು ಹೊರಟರು.

ಡಬ್ಬಿ ತುಂಬಿತ್ತು.

ಮುಚ್ಚಳದ ಸೀಳಿನಿಂದ ಇರುವೆಗಳ ಸಾಲು ಒಳಗೆ ಹೋಗುತ್ತಿತ್ತು. “ಐತಪ್ಪಾ,” ಎಂದು ಮೆಲ್ಲಗೆ ಕರೆದರು. ಮೆಟ್ಟಿಲ ಬಳಿ ಯಾರೂ ಇಲ್ಲ. ಹಾಸಿದ್ದ ರಟ್ಟಿನ ತುಂಡೂ ಇಲ್ಲ. ಹಾಡಿನ ಮೂರನೇ ಚರಣ ಇಲ್ಲಿವರೆಗೂ ಕೇಳುತ್ತಿತ್ತು. ಒಟ್ಟು ನಾಲ್ಕು ಚರಣ. ಕಸದ ಚೀಲಕ್ಕೆ ಸುರಿಯೋಣವೆಂದರೆ ಅಜ್ಜಿಯ ಮುಖ ನೆನಪಾಯಿತು. ಅತಿಥಿಯ ಪಾಲು ಕಸಕ್ಕೆ ಹಾಕಿದರೆ ಅವಳು ಸಮಾಧಿಯಿಂದ ಎದ್ದು ಬರುವವಳು. ಮನೆಯವರು ತಿಂದರೂ ತಪ್ಪೇ, ಆದರೆ ಕಸಕ್ಕೆ ಹಾಕುವುದಕ್ಕಿಂತ ಸಣ್ಣ ತಪ್ಪು. ಸುಳ್ಳಿಗೆ ಹೆದರದ ಮನುಷ್ಯ ಪದ್ಧತಿಗೆ ಹೆದರಿದ. ಮುಖದ ಪರದೆ ಎತ್ತಿದರು. ಎರಡೂ ಮಾಸ್ಕು ಇಳಿಸಿದರು. ಮಲೇಷ್ಯಾದ ಅತಿ ಸೂಕ್ಷ್ಮ ಮೂಗನ್ನು ಹೊತ್ತ ಪ್ರಭುದಾಸ ಸಾಲಿನ್ಸರು, ಆ ಹುಳ, ಆ ಡಯಾಪರು, ಆ ಡುರಿಯನ್ ಸಿಪ್ಪೆಯ ನಡುವೆ, ರಬ್ಬರ್ ಕೈಗವಸಿನಲ್ಲೇ ತಣ್ಣನೆಯ ಬಂಗುಡೆಯನ್ನು ಇರುವೆಗಳ ಸಮೇತ ಬಾಯಿಗೆ ತುರುಕಿಕೊಳ್ಳತೊಡಗಿದರು. ಒಂದು ತುತ್ತು ಇಳಿಯುತ್ತಿತ್ತು, ಇನ್ನೊಂದು ಅದರ ದಾರಿಯಲ್ಲೇ ವಾಪಸು ಬರುತ್ತಿತ್ತು.

ಕಸದ ಕೋಣೆಯ ಬಾಗಿಲು ತೆರೆಯಿತು. ಕೈಯಲ್ಲಿ ತರಕಾರಿ ಸಿಪ್ಪೆಯ ಚೀಲ ಹಿಡಿದ ಎದುರು ಮನೆಯ ವೇದಾ.

“ಸಾಲಿನ್ಸ್ ಅವ್ರೇ,” ಎಂದರು. “ಮನೇಲಿ ಊಟ ಹಾಕ್ತಿಲ್ವೇನ್ರೀ?”

ಪ್ರಭುದಾಸರ ಬಾಯಲ್ಲಿ ಮುಳ್ಳಿತ್ತು. ಖಾಲಿ ಡಬ್ಬಿ ಎದೆಗೆ ಅವಚಿಕೊಂಡು ಮನೆಗೆ ನಡೆದರು. ವೇದಾ ಹಿಂದೆಯೇ ಬಂದರು.

“ನಿಲ್ರೀ, ಒಂದ್ ಮಾತ್ ಕೇಳ್ಬೇಕು. ಆ ಡಬ್ಬಿ ನಿಮ್ದಾ? ಐತಪ್ಪ ಅನ್ನೋರು ನಿನ್ನೆಯಿಂದ ನಮ್ಮನೇಲಿದಾರೆ. ನೀಲಿ ಮುಚ್ಚಳದ ಡಬ್ಬಿ ಧನಿ ಅಂತ ಹೇಳ್ತಾ ಇದ್ರು, ಯಾರು ಅಂತ ಗೊತ್ತಾಗ್ಲಿಲ್ಲ.”

ಅಷ್ಟರಲ್ಲಿ ಇಬ್ಬರೂ ಬಾಗಿಲಿಗೆ ಬಂದಿದ್ದರು. ಹಾಡು ಮುಗಿದಿತ್ತು. ಮೇಜಿನ ಮೇಲಿನ ನೂರು ಚೌಕಗಳು ಉಸಿರು ಹಿಡಿದು ಕಾಯುತ್ತಿದ್ದವು.

“ಡಬ್ಬಿ ಖಾಲಿಯೇ, ಪ್ರಭು?” ಎಂದಿತು ಬೆಂಜಮಿನ್ ಕರ್ಕಡರ ದನಿ, ನಡುಗುತ್ತ.

“ಖಾಲಿ ಇರ್ದೆ ಏನು ಸರ್,” ಎಂದರು ವೇದಾ, ಯಾರ ದನಿ ಎಂದು ತಿಳಿಯದೆಯೇ. “ಈಗ ತಾನೇ ಕಸದ ರೂಮಲ್ಲಿ ನಿಂತ್ಕೊಂಡು ಇವ್ರೇ ತಿಂದ್ರು.”

ಜಯಮಾಲಾ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಬಂದರು. ಗಂಡನ ಗಲ್ಲದ ಮೇಲೆ ಪುಳಿಮುಂಚಿಯ ಕೆಂಪು. ಕೈಗವಸಿನ ಮೇಲೆ ಒಂದು ಇರುವೆ.

“ಐತಪ್ಪ ಅಂದ್ರೆ ಯಾರು?” ಎಂದು ಜಯಮಾಲಾ ವೇದಾರನ್ನು ಕೇಳಿದರು.

“ಒಂದ್ ತಿಂಗಳಿಂದ ಮೆಟ್ಟಿಲ ಮೇಲೆ ಮಲಗ್ತಿದ್ರಂತೆ ರೀ. ನಿನ್ನೆ ಔಷಧಿ ಹೊಡೆಯೋರು ಬಂದು ಓಡಿಸ್ತಾ ಇದ್ರು. ‘ಅಮ್ಮಾ, ಸ್ವಲ್ಪ ನೀರು’ ಅಂದ್ರು, ಕನ್ನಡದಲ್ಲಿ. ಇನ್ನೇನ್ ಮಾಡ್ಲಿ? ಕರ್ಕೊಂಡ್ ಬಂದ್ವಿ. ವಾಸನೆ ಇತ್ತು, ಹೌದು. ಎರಡ್ ಬಕೆಟ್ ನೀರು ಹಾಕಿದ್ಮೇಲೆ ಹೋಯ್ತು. ನಮ್ಮನೆಯವ್ರು ಶ್ರೀಪತಿ ಅವರ ಕಾಲಿಗೆ ಮುಲಾಮು ಹಚ್ಚಿದ್ರು.”

ಎದುರು ಮನೆಯ ಬಾಗಿಲಲ್ಲಿ ಐತಪ್ಪ ನಿಂತಿದ್ದ. ಗಡ್ಡ ಬೋಳಿಸಿ, ಶ್ರೀಪತಿಯ ಪಂಚೆ ಉಟ್ಟು. ಅವನಿಂದ ಬರುತ್ತಿದ್ದದ್ದು ಪ್ರಭುದಾಸರ ಕಾರ್ಖಾನೆಯ ಸಾಬೂನಿನದೇ ವಾಸನೆ. ಅವರೇ ಮೂಸಿ ಪಾಸು ಮಾಡಿದ ಗಂಧದ್ದು.

“ಧನೀ,” ಎಂದ ಐತಪ್ಪ, “ಶ್ರೀಪತಿ ಸಾರು ಎಂಬೆಸಿಗೆ ಫೋನ್ ಮಾಡಿ ಕೇಳಿದ್ರು. ಮಂಗಳವಾರ ಹನ್ನೊಂದಕ್ಕೆ ಎರಡು ಸಲ ಕರೆ ಮಾಡಿದ್ದಾರಂತೆ. ಯಾರೂ ಎತ್ತಲಿಲ್ಲ ಅಂತ ಸೀಟು ಹಿಂದಿನವನಿಗೆ ಹೋಯ್ತು. ಇನ್ನು ಮುಂದಿನ ಪಟ್ಟಿಗೆ ಕಾಯ್ಬೇಕು, ಅದು ಯಾವಾಗ ಅಂತ ಅವರಿಗೂ ಗೊತ್ತಿಲ್ಲ. ಫೋನಿನಲ್ಲಿ ನೋಡ್ತೇನೆ, ಕರೆ ಬಂದ ಗುರುತೇ ಇಲ್ಲ. ಮಂಗಳವಾರ ಅದು ನಿಮ್ಮಲ್ಲೇ ಇತ್ತಲ್ಲ. ಬಡಿಯಲಿಲ್ವಾ?”

ಬಯ್ಯುವ ದನಿಯಲ್ಲ. ನಿಜವಾಗಿ ಗೊತ್ತಿಲ್ಲದವನು ಕೇಳಿದ ಹಾಗಿತ್ತು.

ಪ್ರಭುದಾಸರ ನಾಲಿಗೆಯಲ್ಲಿ ಉತ್ತರ ಸಿದ್ಧವಾಗಿತ್ತು. ಆ ದಿನ ಗುಡುಗು, ಸಿಡಿಲು, ಇಡೀ ಮಲೇಷ್ಯಾದ ಟವರುಗಳೆಲ್ಲ ಮುರಿದುಬಿದ್ದಿದ್ದವು. ಹೇಳಲು ಬಾಯಿ ತೆರೆದರು. ಕಸದ ಕೋಣೆಯ ಗಾಳಿ ಅವರದೇ ಹೊಟ್ಟೆಯಿಂದ ಎದ್ದು ಅವರದೇ ಮೂಗಿಗೆ ಬಡಿಯಿತು. ಭೂಲೋಕದಲ್ಲಿ ಅಂಥದ್ದನ್ನು ಆ ಮೂಗು ನಿಜಕ್ಕೂ ಮೂಸಿರಲಿಲ್ಲ.

ಜಯಮಾಲಾ ಖಾಲಿ ಕುರ್ಚಿಯನ್ನು ಹಿಂದಕ್ಕೆ ಎಳೆದರು. ಅದು ಐತಪ್ಪನಿಗೋ ಗಂಡನಿಗೋ ಎಂದು ಹೇಳಲಿಲ್ಲ. ಯಾರೂ ಕೂರಲಿಲ್ಲ.

“ಏಳು ಭಾನುವಾರ ಅಲ್ಲ,” ಎಂದರು ಪ್ರಭುದಾಸರು ಲ್ಯಾಪ್‌ಟಾಪಿನ ಕಡೆ ತಿರುಗಿ. “ಮೂರು. ಬಾಗಿಲ ಹೊರಗೆ ಇಟ್ಟದ್ದೂ ಅಲ್ಲ, ಕಸದ ಕೋಣೆಯಲ್ಲಿ. ತಿಂದದ್ದು ಇವ, ಐತಪ್ಪ. ಅದು ನನಗೆ ಗೊತ್ತಿತ್ತು. ಪರಿಮಳ ಅಂತ ಹೇಳಿದ್ದೆ, ಅದೂ ಸುಳ್ಳು.”

ಕೈಗವಸು ಕಳಚಲು ನೋಡಿದರು. ಬೆವರಿಗೆ ಅದು ಚರ್ಮಕ್ಕೆ ಅಂಟಿಕೊಂಡು ಬರಲಿಲ್ಲ. ಆಮೇಲೆ ಎದುರು ಮನೆಯ ಬಾಗಿಲಿನ ಕಡೆ ತಿರುಗಿದರು.

“ಬಡಿಯಿತು, ಐತಪ್ಪ. ಎರಡು ಸಲವೂ ಬಡಿಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ನಿನ್ನ ಫೋನನ್ನು ಬಾಯಿ ಹತ್ತಿರ ಹಿಡಿಯಲಿಕ್ಕೆ ನನಗೆ ಹೇಸಿಗೆ ಆಯ್ತು. ಆಮೇಲೆ ಚೀಲದೊಳಗೆ ಕೈ ಹಾಕಿ ಆ ಕರೆಯ ಗುರುತು ಅಳಿಸಿದವ ನಾನೇ. ಅಳಿಸುವಾಗ ಹೇಸಿಗೆ ಆಗಲಿಲ್ಲ.”